ಉಗ್ರಾಣಕ್ಕೊಂದು ನೆರವು: ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಿಂದ ದೇಣಿಗೆ ಮನವಿ

ಕಲಾಭಿಮಾನಿಗಳೇ, ನಮ್ಮ ಹಳೆಯ ವಿದ್ಯಾರ್ಥಿಗಳೇ,

ಹೋದ ತಿಂಗಳು ಒಂದು ಜಲವರ್ಣ ಚಿತ್ರದ ಫ್ರೇಮ್ ಬಿಚ್ಚಿದೆವು. ಮುಂದಿನ ಪ್ರದರ್ಶನಕ್ಕೆ ಅದನ್ನು ಸಿದ್ಧ ಮಾಡಬೇಕಿತ್ತು. ನದಿಯ ದಡ, ಎರಡು ಮರ, ಮೇಲೆ ಬೂದು ಆಕಾಶ. ಮೋಡ ಕವಿದ ದಿನದ ಚಿತ್ರ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ತರಗತಿಗಳಲ್ಲೂ ಹಾಗೇ ಹೇಳಿಕೊಂಡು ಬಂದಿದ್ದೆವು. ಚಿತ್ರದ ಸುತ್ತ ಇದ್ದ ಮೌಂಟ್ ರಟ್ಟನ್ನು ಮೆಲ್ಲಗೆ ಎತ್ತಿದಾಗ ಅದರ ಅಡಿಯಲ್ಲಿ ಬೆರಳಗಲದ ಒಂದು ಪಟ್ಟಿ ಕಂಡಿತು. ಕಡುನೀಲಿ! ಬೆಳಕು ತಾಗದ ಆ ಅಂಚಿನಲ್ಲಿ ಮಾತ್ರ ಕಲಾವಿದರು ಹಚ್ಚಿದ ಬಣ್ಣ ಹಾಗೇ ಉಳಿದಿತ್ತು. ಅವರು ಬರೆದದ್ದು ಬಿಸಿಲಿನ ದಿನವನ್ನು. ನೀಲಿಗೂ ಬೂದಿಗೂ ನಡುವೆ ಒಂದು ಕಂದು ಗೆರೆ ಬೇರೆ ಓಡಿತ್ತು. ಅಗ್ಗದ ರಟ್ಟಿನಲ್ಲಿದ್ದ ಆಮ್ಲ ಕಾಗದವನ್ನು ತಿಂದ ಗುರುತು ಅದು.

ಹೋದ ನೀಲಿಯನ್ನು ಯಾರಿಂದಲೂ ವಾಪಸ್ ತರಲಾಗದು. ಆದರೆ ಅದೇ ಕಾಲದ, ಅದೇ ರಟ್ಟು ಹಾಕಿದ ಇನ್ನಷ್ಟು ಚಿತ್ರಗಳು ನಮ್ಮ ಉಗ್ರಾಣದಲ್ಲಿವೆ. ಅವುಗಳಿಗಾಗಿ ನಿಮ್ಮ ಮುಂದೆ ಕೈ ಚಾಚುತ್ತಿದ್ದೇವೆ.

ಪ್ರದರ್ಶನಕ್ಕೆ ಅಂದರೆ ಹಣ ಹೇಗೋ ಹೊಂದುತ್ತದೆ. ಉದ್ಘಾಟನೆ ಇರುತ್ತದೆ, ಗೋಡೆಯ ಮೇಲೆ ದಾನಿಗಳ ಹೆಸರು ಇರುತ್ತದೆ, ಜನ ಬಂದು ನೋಡುತ್ತಾರೆ. ಉಗ್ರಾಣಕ್ಕೆ ಅಂತ ಕೇಳಿದರೆ ಯಾರಿಗೂ ಉತ್ಸಾಹ ಬರುವುದಿಲ್ಲ. ಅದು ಸಹಜವೇ, ಕಾಣದ್ದಕ್ಕೆ ಕೊಡುವುದು ಕಷ್ಟ ಅಲ್ವಾ? ಆದರೆ ಯಾವ ಕಲಾ ಸಂಗ್ರಹಾಲಯವನ್ನೇ ನೋಡಿ, ಗೋಡೆಗೆ ಬರುವುದು ಸ್ವಲ್ಪ, ಒಳಗೆ ಇರುವುದೇ ಜಾಸ್ತಿ. ಕಾಗದದ ಮೇಲಿನ ಕೃತಿಗಳಂತೂ ಹೆಚ್ಚು ಕಾಲ ಹೊರಗೆ ಇರಲೇಬಾರದು.

ಇದಕ್ಕೆ ಒಂದು ಸರಳ ಲೆಕ್ಕವಿದೆ. ಬೆಳಕನ್ನು ಅಳೆಯುವ ಮಾನ ಲಕ್ಸ್. ಜಲವರ್ಣಕ್ಕೆ, ಮುದ್ರಣ ಚಿತ್ರಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತೇವೆ. ಸಾಮಾನ್ಯ ಕಚೇರಿಯ ಮೇಜಿನ ಮೇಲೆ 300ರಿಂದ 500 ಲಕ್ಸ್ ಇರುತ್ತದೆ. ದಿನಕ್ಕೆ 8 ಗಂಟೆ, 90 ದಿನ ತೂಗುಹಾಕಿದರೆ ಆ ಚಿತ್ರ 36,000 ಲಕ್ಸ್-ಗಂಟೆ ಬೆಳಕು ಕುಡಿದಿರುತ್ತದೆ. ದೀಪ ಆರಿಸಿದ ಮಾತ್ರಕ್ಕೆ ಆ ಲೆಕ್ಕ ಅಳಿಯುವುದಿಲ್ಲ, ಕೂಡುತ್ತಲೇ ಹೋಗುತ್ತದೆ. ಹಾಗಾಗಿ ಮೂರು ತಿಂಗಳು ಗೋಡೆಯ ಮೇಲಿದ್ದ ಚಿತ್ರಕ್ಕೆ ಆಮೇಲೆ ಕೆಲವು ವರ್ಷ ಕತ್ತಲೆಯಲ್ಲಿ ವಿಶ್ರಾಂತಿ. "ಪ್ರದರ್ಶನ ಶಾಲೆ ಯಾಕಿಷ್ಟು ಮಬ್ಬು?" ಅಂತ ಕೇಳುವವರಿಗೆ ನಾವು ಕೊಡುವ ಉತ್ತರ ಇದೇ.

ಎಂಥ ದೊಡ್ಡ ಕೃತಿಯನ್ನೂ ಬೆಳಕು ಬಿಡುವುದಿಲ್ಲ. ಅಮೆರಿಕದ ಹೆಸರಾಂತ ಚಿತ್ರಕಾರ ಮಾರ್ಕ್ ರಾತ್ಕೊ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ 1960ರ ದಶಕದ ಆರಂಭದಲ್ಲಿ ಭಾರೀ ಚಿತ್ರಗಳನ್ನು ಬರೆದುಕೊಟ್ಟರು. 1964ರಲ್ಲಿ ಅವುಗಳಲ್ಲಿ ಐದನ್ನು ಅಲ್ಲಿನ ಒಂದು ಕಟ್ಟಡದ ಮೇಲಂತಸ್ತಿನ ಊಟದ ಕೋಣೆಯಲ್ಲಿ ತೂಗುಹಾಕಿದರು. ದೊಡ್ಡ ದೊಡ್ಡ ಕಿಟಕಿಗಳಿದ್ದ ಕೋಣೆ. ರಾತ್ಕೊ ಬಳಸಿದ್ದ ಲಿಥಾಲ್ ರೆಡ್ ಎಂಬ ಕೆಂಪು ಬಣ್ಣ ಬಿಸಿಲಿಗೆ ತಡೆಯುವಂಥದ್ದಲ್ಲ. 1979ರ ಹೊತ್ತಿಗೆ ಕಡುಗೆಂಪು ಮಾಸಿ ನೀಲಿಗೆ ತಿರುಗಿತ್ತು, ಚಿತ್ರಗಳನ್ನು ಇಳಿಸಿ ಉಗ್ರಾಣಕ್ಕೆ ಒಯ್ದರು. 2014ರಲ್ಲಿ ಅವು ಮತ್ತೆ ಹೊರಗೆ ಬಂದವು. ಕ್ಯಾನ್ವಾಸಿಗೆ ಹೊಸ ಬಣ್ಣ ಹಚ್ಚಲಿಲ್ಲ. ಎಲ್ಲೆಲ್ಲಿ ಎಷ್ಟು ಮಾಸಿದೆ ಅಂತ ಅಳೆದು, ಅಷ್ಟೇ ಬಣ್ಣದ ಬೆಳಕನ್ನು ಪ್ರೊಜೆಕ್ಟರ್‌ನಿಂದ ಹಾಯಿಸಿದರು. ಸಂಜೆ 4ಕ್ಕೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ನಿಜವಾಗಿ ಉಳಿದಿರುವುದು ಎಷ್ಟು ಎಂಬುದು ಆಗ ನೋಡುಗರ ಕಣ್ಣೆದುರೇ ಇರುತ್ತಿತ್ತು. ನನ್ನ ಮಟ್ಟಿಗೆ ಇದಕ್ಕಿಂತ ಪ್ರಾಮಾಣಿಕವಾದ ಪ್ರದರ್ಶನ ಇನ್ನೊಂದಿಲ್ಲ. ಆದರೆ ಅಂಥ ವ್ಯವಸ್ಥೆ ಎಲ್ಲರ ಕೈಗೆಟುಕದು. ಕಿಟಕಿಗೆ ಪರದೆ ಹಾಕುವುದು ಎಲ್ಲರಿಗೂ ಆಗುತ್ತದೆ, ಸಮಯಕ್ಕೆ ಹಾಕಬೇಕು ಅಷ್ಟೆ.

ಬೆಳಕಿನ ಮಾತಾಯಿತು, ಇನ್ನು ಹುಳ. ಆಕ್ಸ್‌ಫರ್ಡ್‌ನ ಆ್ಯಶ್ಮೋಲಿಯನ್ 1683ರಲ್ಲೇ ಬಾಗಿಲು ತೆರೆದ ವಿಶ್ವವಿದ್ಯಾಲಯದ ಸಂಗ್ರಹಾಲಯ. ಅಲ್ಲಿಗೆ ಬಂದ ಮೊದಲ ಸಂಗ್ರಹದಲ್ಲಿ, ಈಗ ವಂಶವೇ ಅಳಿದಿರುವ ಡೋಡೋ ಹಕ್ಕಿಯ ದೇಹವೊಂದು ಇತ್ತು. ಈಗ ಉಳಿದಿರುವುದು ಅದರ ತಲೆ ಮತ್ತು ಒಂದು ಕಾಲು, ಉಳಿದದ್ದು ಹಾಳಾಗಿ ಹೋಯಿತು. ನಮ್ಮಲ್ಲಿ ಡೋಡೋ ಇಲ್ಲ, ಆದರೆ ಸಿಲ್ವರ್‌ಫಿಶ್ ಹುಳ ಇದೆ. ಕಾಗದಕ್ಕೆ ಬಳಿದ ಅಂಟು ಅದಕ್ಕೆ ಬಲು ಇಷ್ಟ. ಮೂಲೆ ಮೂಲೆಯಲ್ಲಿ ಅಂಟುಬಲೆ ಇಟ್ಟು, ವಾರಕ್ಕೊಮ್ಮೆ ಭೂತಗನ್ನಡಿ ಹಿಡಿದು ಎಷ್ಟು ಸಿಕ್ಕಿವೆ ಎಂದು ಎಣಿಸಿ ಬರೆಯುತ್ತೇವೆ. ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟಿಗೂ ದಾರಿಯಾಗುತ್ತದೆ. ರಜೆ ಇರಲಿ, ಹಬ್ಬ ಇರಲಿ, ಯಾರಾದರೂ ಒಬ್ಬರು ಬಂದು ಮೀಟರ್ ನೋಡಲೇಬೇಕು.

ಪ್ರತಿ ಕೃತಿಗೂ ಒಂದು ನಂಬರ್ ಇರುತ್ತದೆ. 1987.12.3 ಅಂದರೆ 1987ರಲ್ಲಿ ಬಂದ ಹನ್ನೆರಡನೆಯ ಕೊಡುಗೆಯ ಮೂರನೆಯ ಕೃತಿ. ಕಾಗದದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್‌ನಲ್ಲಿ ಅದನ್ನು ಬರೆಯುತ್ತೇವೆ, ಪೆನ್ನು ಉಗ್ರಾಣದ ಒಳಗೇ ಬರುವಂತಿಲ್ಲ. ಆ ನಂಬರ್ ತಪ್ಪಿದರೆ ಯಾರು ಕೊಟ್ಟರು, ಎಲ್ಲಿಂದ ಬಂತು, ಯಾವ ಡ್ರಾಯರ್‌ನಲ್ಲಿದೆ ಎಲ್ಲವೂ ತಪ್ಪಿದಂತೆ. ಎರವಲು ಕೊಡುವಾಗ ಓರೆ ಬೆಳಕಿನಲ್ಲಿ ಪ್ರತಿ ಬಿರುಕು, ಪ್ರತಿ ಸುಕ್ಕನ್ನೂ ಗುರುತು ಹಾಕಿಕೊಳ್ಳುತ್ತೇವೆ. ವಾಪಸ್ ಬಂದ ಪೆಟ್ಟಿಗೆಯನ್ನು ಒಂದು ಇಡೀ ದಿನ ಹಾಗೇ ಬಿಟ್ಟು, ಒಳಗಿನ ಹವೆ ಹೊರಗಿನದಕ್ಕೆ ಹೊಂದಿಕೊಂಡ ಮೇಲೆ ತೆರೆಯುತ್ತೇವೆ.

ಇಷ್ಟೆಲ್ಲ ಯಾಕೆ ಅಂದರೆ, ನಮ್ಮದು ಕಲಿಸುವ ಜಾಗ. ಪ್ರದರ್ಶನದಲ್ಲಿ ಗಾಜಿನ ಹಿಂದೆ ಇರುವ ಚಿತ್ರ ಇಲ್ಲಿ ತರಗತಿಯ ಮೇಜಿಗೇ ಬರುತ್ತದೆ. ಹೋದ ಸೆಮಿಸ್ಟರ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ಒಂದು ಎಚ್ಚಿಂಗನ್ನು (ಲೋಹದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರ) ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದಳು. ತಾಮ್ರದ ತಗಡು ಕಾಗದವನ್ನು ಒತ್ತಿದ ಗುಳಿ ಅವಳಿಗೆ ಕಂಡಿತು. "ಮೇಡಂ, ಇದು ಫೋಟೋದಲ್ಲಿ ಕಾಣೋದೇ ಇಲ್ಲ!" ಅಂದಳು. ಈಗ ವಾರಕ್ಕೆರಡು ದಿನ ಉಗ್ರಾಣಕ್ಕೆ ಬಂದು ಪಟ್ಟಿ ಮಾಡುವ ಕೆಲಸ ಕಲಿಯುತ್ತಿದ್ದಾಳೆ.

ನಿಮ್ಮ ದೇಣಿಗೆಯಿಂದ ಮೊದಲು ಹಳೆಯ ರಟ್ಟುಗಳನ್ನೆಲ್ಲ ತೆಗೆದು ಆಮ್ಲವಿಲ್ಲದ ರಟ್ಟು, ಪೆಟ್ಟಿಗೆ ಹಾಕಿಸುತ್ತೇವೆ. ಆಮೇಲೆ ದೊಡ್ಡ ಚಿತ್ರಗಳನ್ನು ಮಲಗಿಸಿ ಇಡುವ ಉಕ್ಕಿನ ಡ್ರಾಯರ್‌ಗಳು, ತೇವಾಂಶ ದಾಖಲಿಸುವ ಲಾಗರ್‌ಗಳು. ಹಣ ಮಿಕ್ಕಿದರೆ ಅದು ಪಟ್ಟಿ ಮಾಡುವ ವಿದ್ಯಾರ್ಥಿಗಳ ಸಂಭಾವನೆಗೆ. ಉದ್ಘಾಟನೆಗೆ, ಹಾರ ತುರಾಯಿಗೆ ಇದರಿಂದ ಏನೂ ಹೋಗುವುದಿಲ್ಲ.

ಚಿತ್ರಗಳನ್ನೇ ಕೊಡುತ್ತೇವೆ ಎನ್ನುವವರೂ ಇದ್ದೀರಿ, ತುಂಬಾ ಸಂತೋಷ. ದಯವಿಟ್ಟು ಚಿತ್ರದ ಜೊತೆಗೆ ಅದನ್ನು ಕಾಪಾಡುವ ಖರ್ಚಿಗೂ ಸ್ವಲ್ಪ ಸೇರಿಸಿ ಕೊಡಿ. ಜಾಗವಿಲ್ಲದೆ ಒಂದರ ಮೇಲೊಂದು ಒರಗಿಸಿ ಇಡುವ ಸ್ಥಿತಿ ಯಾವ ಚಿತ್ರಕ್ಕೂ ಬರಬಾರದು.

ಎಷ್ಟು ಸಣ್ಣ ಮೊತ್ತವಾದರೂ ಸರಿ. ವಿಶ್ವವಿದ್ಯಾಲಯದ ಹಣಕಾಸು ವಿಭಾಗದ ಮೂಲಕ ಕಳಿಸುವಾಗ "ಉಗ್ರಾಣ ನಿಧಿ" ಎಂದು ನಮೂದಿಸಿ, ಆಗ ಅದು ಬೇರೆ ಲೆಕ್ಕಕ್ಕೆ ಸೇರುವುದಿಲ್ಲ. ರಸೀದಿ ಕಳಿಸುತ್ತೇವೆ, ವರ್ಷದ ಕೊನೆಗೆ ಯಾವ ಕೃತಿಗೆ ಏನು ಮಾಡಿದೆವು ಎಂಬ ಪಟ್ಟಿಯನ್ನೂ ಕಳಿಸುತ್ತೇವೆ. ಮೊದಲೇ ತಿಳಿಸಿ ಬಂದರೆ ಉಗ್ರಾಣವನ್ನೂ ನೋಡಬಹುದು. ಪೆನ್ನು ಮಾತ್ರ ಹೊರಗೆ ಬಿಟ್ಟು ಬನ್ನಿ.

ಇಂತಿ,
ಸಂಗ್ರಹ ಮತ್ತು ಪ್ರದರ್ಶನ ವಿಭಾಗ