ನಾಲ್ಕನೇ ನಂಬರ್ ಜೆರ್ಸಿಯ ಗೆಳೆಯನಿಗೊಂದು ಪತ್ರ

ಮಗಾ,

ಭಾನುವಾರ ನಿನ್ನ ಫುಟ್‌ಬಾಲ್ ಮ್ಯಾಚ್ ನೋಡ್ಕೊಂಡು ಹಾಸನ ಬಸ್‌ಸ್ಟ್ಯಾಂಡಲ್ಲಿ ಇಳಿಯೋ ಹೊತ್ತಿಗೆ ಹತ್ತೂವರೆ ಆಗಿತ್ತು, ಬೇಲೂರಲ್ಲಿ ಬಸ್ಸು ಅರ್ಧ ಗಂಟೆ ನಿಂತೇಬಿಡ್ತು, ಮನೇಲಿ ಎಲ್ರೂ ಮಲಗಿದ್ರು, ನಂಗೆ ಮಾತ್ರ ನಿದ್ದೆ ಹತ್ಲಿಲ್ಲ. ಫೋನ್ ಮಾಡೋಣ ಅಂದ್ಕೊಂಡೆ, ಆದ್ರೆ ಹೊಗಳೋಕೆ ಶುರು ಮಾಡಿದ್ರೆ ನೀನು "ಹೋಗ್ಲಿ ಬಿಡೋ" ಅಂತ ಕಾಫಿ ರೇಟಿನ ವಿಷ್ಯ ತೆಗೀತೀಯ. ಅದಕ್ಕೆ ಬರೀತಿದೀನಿ, ಎಲ್ರಿಗೂ ಕಾಣೋ ಹಾಗೇ ಹಾಕ್ತಿದೀನಿ, ನಮ್ ಹಳೇ ಟೀಮಿನ ಹುಡುಗ್ರೂ ಓದ್ಲಿ.

ಮಳೆ ಹಿಡಿಯೋಕೆ ಮುಂಚೆ ಒಂದು ರಾತ್ರಿ ನೀನು ಫೋನ್ ಮಾಡಿದ್ಯಲ್ಲ, ಅದು ನನ್ನ ತಲೇಲೇ ಇತ್ತು. ಗೋಲಿನ ಮುಂದೆ ಕಾವಲು ನಿಲ್ಲೋ ನಿನ್ನ ಸ್ಟಾಪರ್ ಜಾಗಕ್ಕೆ ಕೋಚು ಹತ್ತೊಂಬತ್ತು ವರ್ಷದ ಹುಡುಗನ್ನ ಹಾಕಿ ನಿನ್ನ ಗ್ರೌಂಡ್ ಮಧ್ಯಕ್ಕೆ, ಮಿಡ್‌ಫೀಲ್ಡಿಗೆ ಕಳಿಸಿದ್ರು, "ಹದಿನೈದು ವರ್ಷ ಸ್ಟಾಪರ್ ಆಡ್ದೋನಿಗೆ ಇದು ಮರ್ಯಾದೆಯಾಗಿ ಮನೆಗೆ ಹೋಗು ಅಂದಂಗೆ ಕಣೋ" ಅಂತ ಹೇಳಿ ಸುಮ್ನಾಗಿಬಿಟ್ಟೆ ನೀನು. ನಾನೂ ಏನೂ ಹೇಳೋಕಾಗ್ದೆ "ಆಡಿ ನೋಡು" ಅಂದೆ ಅಷ್ಟೇ. ನಿಜ ಹೇಳ್ತೀನಿ, ನಂಗೂ ಹೊಟ್ಟೆಗೆ ಬೆಂಕಿ ಬಿದ್ದಂಗಾಗಿತ್ತು. ಗೋಲಲ್ಲಿ ನಿಂತು ಅಷ್ಟೂ ವರ್ಷ ನಾನು ನೋಡಿದ್ದು ನಿನ್ನ ಬೆನ್ನನ್ನೇ ಅಲ್ವಾ, ಆ ನಾಲ್ಕನೇ ನಂಬರ್ ಕಣ್ಣೆದುರಿಗಿದ್ರೆ ಎಂಥಾ ಫಾರ್ವರ್ಡ್ ಬಂದ್ರೂ ಧೈರ್ಯ. ಆ ಬೆನ್ನು ಅಲ್ಲಿರಲ್ಲ ಅನ್ನೋದು ನಂಗೇ ಒಪ್ಕೊಳ್ಳೋಕಾಗ್ಲಿಲ್ಲ.

ಭಾನುವಾರ ಗಿರಿ ಕಾಣದಷ್ಟು ಮೋಡ, ಗ್ರೌಂಡಲ್ಲಿ ಕೆಸರು. ನಾನು ಹಳೇ ಅಭ್ಯಾಸಕ್ಕೆ ನಿಮ್ಮ ಗೋಲಿನ ಹಿಂದೆ ಹೋಗಿ ಛತ್ರಿ ಹಿಡ್ಕೊಂಡು ನಿಂತೆ. ಮೊದಲ ಹತ್ತು ಹದಿನೈದು ನಿಮಿಷ ನೀನು ಸ್ಟಾಪರ್ ಥರಾನೇ ಆಡ್ತಿದ್ದೆ, ಬಾಲ್ ಬಂತಾ, ಬಾರಿಸು, ಅಪಾಯ ದೂರ ಹೋಗ್ಲಿ. ಇವನಿಗೆ ಆಗಲ್ಲ ಅನ್ಸೋಕೆ ಶುರುವಾಗಿತ್ತು.

ಆಮೇಲೆ ಅದನ್ನ ನೋಡ್ದೆ. ಥ್ರೋ ಆಗಿ, ಎಡಗಡೆ ಕಾವಲು ಕಾಯೋ ನಿಮ್ಮ ಲೆಫ್ಟ್ ಬ್ಯಾಕಿನ ಕಾಲಿಗೆ ಬಾಲ್ ಬಂತು, ಅವನು ನಿಂಗೆ ಕೊಡೋಕೆ ಮುಂಚೇನೇ ನಿನ್ನ ತಲೆ ತಿರುಗ್ತು. ಒಂದ್ಸಲ ಎಡ ಹೆಗಲಿನ ಮೇಲಿಂದ ಹಿಂದಕ್ಕೆ, ಬಾಲ್ ಉರುಳಿ ಬರ್ತಿರೋವಾಗ ಇನ್ನೊಂದ್ಸಲ ಬಲಗಡೆ. ಅವರ ಎಂಟನೇ ನಂಬರ್ ನಿನ್ನ ಬೆನ್ನಿಗೇ ನುಗ್ತಿದ್ದ, ನಾನಂತೂ "ಹಿಂದೆ! ಹಿಂದೆ!" ಅಂತ ಕೂಗೇಬಿಟ್ಟೆ, ಪಕ್ಕದಲ್ಲಿದ್ದೋರು ತಿರುಗಿ ನೋಡಿದ್ರು. ನಿಂಗೆ ಆ ಕೂಗು ಬೇಕಾಗೇ ಇರ್ಲಿಲ್ಲ. ಬಾಲನ್ನ ನಿಲ್ಲಿಸ್ಲೇ ಇಲ್ಲ, ಕಾಲೆತ್ತಿ ಹೋಗೋಕೆ ಬಿಟ್ಟು ಅದ್ರ ಜೊತೆಗೇ ಅರ್ಧ ಸುತ್ತು ತಿರುಗ್ದೆ, ಅವನು ಕೆಸರಲ್ಲಿ ಜಾರಿ ನಿನ್ನ ದಾಟಿ ಹೋದ. ಅವರ ಸ್ಟಾಪರ್‌ಗೂ ರೈಟ್ ಬ್ಯಾಕ್‌ಗೂ ಮಧ್ಯ ಒಂದು ಸಂದಿತ್ತಲ್ಲ, ಅಲ್ಲಿ ಬಾಲ್ ಹೋಯ್ತು, ನಿಮ್ಮ ವಿಂಗರ್ ಓಡಿದ. ಗೋಲ್ ಆಗಿದ್ದು ಆ ತುದೀಲಿ, ನಂಗೆ ಸರಿಯಾಗಿ ಕಾಣ್ಲೇ ಇಲ್ಲ, ಗ್ರೌಂಡೆಲ್ಲಾ ಕೂಗಿದ ಮೇಲೆ ಗೊತ್ತಾಯ್ತು.

ಬಸ್ಸಲ್ಲಿ ಪೂರ್ತಿ ಇದನ್ನೇ ಯೋಚನೆ ಮಾಡ್ತಾ ಬಂದೆ. ಸ್ಟಾಪರಿಗೆ ಆಟ ಎಲ್ಲಾ ಕಣ್ಣೆದುರಿಗೇ ನಡೆಯುತ್ತೆ, ಹಿಂದೆ ಇರೋದು ಗೋಲ್‌ಕೀಪರ್ ಒಬ್ಬ, ಅವನೂ ಕೂಗಿ ಹೇಳ್ತಾನೆ. ಮಧ್ಯ ನಿಂತೋನಿಗೆ ನಾಲ್ಕೂ ದಿಕ್ಕಿಂದ ಬರ್ತಾರೆ, ಅದನ್ನ ನೀನು ಈ ವಯಸ್ಸಲ್ಲಿ ಹೊಸದಾಗಿ ಕಲ್ತಿದೀಯ. ಆದ್ರೆ ಆ ಪಾಸ್ ಇದ್ಯಲ್ಲ, ಅದನ್ನ ನಿಂಗೆ ಯಾರೂ ಹೇಳ್ಕೊಟ್ಟಿಲ್ಲ ಕಣೋ. ಆ ಸಂದು ಯಾವಾಗ ತೆರೆಯುತ್ತೆ, ಅಲ್ಲಿಗೆ ಬಾಲ್ ಬಂದ್ರೆ ಡಿಫೆಂಡರಿಗೆ ಎದೆ ಹೇಗೆ ಧಸಕ್ ಅನ್ನುತ್ತೆ ಅನ್ನೋದು ಹದಿನೈದು ವರ್ಷ ಅದನ್ನ ಮುಚ್ಕೊಂಡು ನಿಂತೋನಿಗಲ್ದೆ ಇನ್ಯಾರಿಗೆ ಗೊತ್ತಾಗ್ಬೇಕು.

ಲಾಮ್ ನೆನಪಿದ್ಯಾ? 2013ರಲ್ಲಿ ಕೋಚ್ ಗಾರ್ಡಿಯೊಲಾ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ಬಿಗೆ ಬಂದೋನೇ ಫಿಲಿಪ್ ಲಾಮ್‌ನ ಬ್ಯಾಕಿಂದ ಮಿಡ್‌ಫೀಲ್ಡಿಗೆ ತಂದಾಗ ನಿಂಗೆ ಸಿಟ್ಟು ಬಂದಿತ್ತು, ಪ್ರಪಂಚದ ಬೆಸ್ಟ್ ಬ್ಯಾಕನ್ನ ಹಾಳು ಮಾಡ್ತಿದಾರೆ ಅಂತ. 2014ರ ವರ್ಲ್ಡ್ ಕಪ್ ಶುರುವಾದಾಗ್ಲೂ ಜರ್ಮನಿಗೆ ಅವನು ಮಿಡ್‌ಫೀಲ್ಡಲ್ಲೇ ಆಡ್ದ, ಫ್ರಾನ್ಸ್ ಮೇಲಿನ ಕ್ವಾರ್ಟರ್ ಫೈನಲಿಗೆ ವಾಪಸ್ ರೈಟ್ ಬ್ಯಾಕಿಗೆ ಬಂದ. ಫೈನಲ್ ರಾತ್ರಿ ನಮ್ ರೂಮಲ್ಲಿ ಮಳೆಗೆ ಕರೆಂಟು ಹೋಗಿ ಬಂದು ಮಾಡ್ತಿತ್ತು, ಬೆಳಗಿನ ಜಾವ 113ನೇ ನಿಮಿಷಕ್ಕೆ ಗೋಟ್ಸೆ ಗೋಲ್ ಹೊಡೆದು, ಲಾಮ್ ಕಪ್ ಎತ್ತಿದಾಗ ನೀನು "ನೋಡು, ಕೊನೆಗೆ ಬ್ಯಾಕಿಗೇ ಬರ್ಬೇಕಾಯ್ತು" ಅಂತ ಎಷ್ಟು ಖುಷಿಪಟ್ಟಿದ್ದೆ! ಆವಾಗ ನಾನೂ ಹೂಂ ಅಂದಿದ್ದೆ. ಈಗ ಅನ್ಸುತ್ತೆ, ನಾವಿಬ್ರೂ ತಪ್ಪು ನೋಡಿದ್ವಿ. ಆಟ ಓದೋ ಕಣ್ಣಿತ್ತು ಅವನಿಗೆ, ಅದಕ್ಕೇ ಎಲ್ಲಿ ಬೇಕಾದ್ರೂ ನಿಲ್ಲಿಸೋಕಾಯ್ತು. ಅದು ಇಳಿಸಿದ್ದಲ್ಲ ಮಗಾ.

ಜಾನ್ ಸ್ಟೋನ್ಸ್‌ನೂ ನೋಡಿದೀವಲ್ಲ. ಸೆಂಟರ್ ಬ್ಯಾಕ್, ಅಂದ್ರೆ ನಿನ್ನ ಥರಾನೇ ಸ್ಟಾಪರ್, ಮ್ಯಾಂಚೆಸ್ಟರ್ ಸಿಟೀಲಿ ಬರ್ತಾ ಬರ್ತಾ ಮಿಡ್‌ಫೀಲ್ಡರ್ ರೋಡ್ರಿ ಪಕ್ಕಕ್ಕೆ ಬಂದು ನಿಲ್ಲೋಕೆ ಶುರು ಮಾಡ್ದ, 2023ರ ಜೂನ್ 10ಕ್ಕೆ ಇಸ್ತಾಂಬುಲ್‌ನಲ್ಲಿ ಇಟಲಿಯ ಇಂಟರ್ ಮೇಲೆ 1-0 ಗೆದ್ದ ಆ ಚಾಂಪಿಯನ್ಸ್ ಲೀಗ್ ಫೈನಲಲ್ಲಿ ಮಧ್ಯದಲ್ಲಿ ಬಾಲ್ ಇಟ್ಕೊಂಡು ತಿರುಗಿ ತಿರುಗಿ ಹೋಗ್ತಿದ್ದ. ಗ್ಯಾರೆತ್ ಬೇಲ್ ಕೂಡ ಲೆಫ್ಟ್ ಬ್ಯಾಕೇ, ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ಬಲ್ಲಿ ಅವನು ಆಡಿದ ಮೊದಲ 24 ಲೀಗ್ ಮ್ಯಾಚಲ್ಲಿ ಟೀಮು ಒಂದೂ ಗೆದ್ದಿರ್ಲಿಲ್ಲ, ಕಾಲ್ಗುಣ ಸರಿಯಿಲ್ಲ ಅನ್ನೋ ಮಾತೆಲ್ಲಾ ಕೇಳ್ದ, ಮುಂದಕ್ಕೆ ಬಂದ ಮೇಲೆ 2010ರಲ್ಲಿ ಇಂಟರ್‌ನ ಗ್ರೌಂಡ್ ಸ್ಯಾನ್ ಸಿರೋದಲ್ಲೇ ಇಂಟರ್ ಮೇಲೇ ಹ್ಯಾಟ್ರಿಕ್ ಹೊಡೆದ.

ಒಂದು ಮಾತು ಬೇಜಾರು ಮಾಡ್ಕೋಬೇಡ. 2-0 ಆದ್ಮೇಲೆ ನೀನು ಮೆಲ್ಲಗೆ ಹಿಂದಕ್ಕೆ ಬಂದು ಸ್ಟಾಪರ್‌ಗಳ ಪಕ್ಕಾನೇ ನಿಂತ್ಕೊಂಡೆ. ಮಧ್ಯ ಖಾಲಿ ಆಯ್ತು, ಅವರು ಗೋಲ್ ಹೊಡೆದಿದ್ದು ಅಲ್ಲಿಂದಾನೇ. ಹಳೇ ಮನೆ ಕರೆಯುತ್ತೆ, ನಂಗೊತ್ತು. ಆದ್ರೆ ನಿನ್ನ ಟೀಮಿಗೆ ನೀನು ಆ ಇಪ್ಪತ್ತು ಹೆಜ್ಜೆ ಮುಂದೆ ಇದ್ರೇನೇ ಕಾವಲು.

ಆ ಗೋಲ್ ಆದ್ಮೇಲೆ ಇನ್ನೊಂದು ನೋಡ್ದೆ. ನಿನ್ನ ಜಾಗದಲ್ಲಿ ಆಡ್ತಿರೋ ಆ ಹುಡುಗ ತಲೆ ತಗ್ಗಿಸ್ಕೊಂಡು ಕೆಸರಲ್ಲಿ ಕೂತಿದ್ದ, ನೀನು ಹೋಗಿ ಕುತ್ತಿಗೆ ಹಿಂದೆ ಕೈಯಿಟ್ಟು ಕಿವೀಲಿ ಏನೋ ಹೇಳಿ ಎಬ್ಬಿಸ್ದೆ. ಆಮೇಲೆ ಕೊನೇ ವಿಸಲ್ಲಿನ ತನಕ ಅವನು ಒಂದು ಹೆಡ್ಡರೂ ಬಿಡ್ಲಿಲ್ಲ. ಏನಂದೆ ಅವನಿಗೆ? ಇದನ್ನ ಫೋನಲ್ಲಿ ಹೇಳು, ಮಾತು ಮರೆಸ್ಬೇಡ.

ಮೊಣಕಾಲಿಗೆ ಐಸ್ ಇಡೋದು ಬಿಡ್ಬೇಡ, ಮಿಡ್‌ಫೀಲ್ಡಲ್ಲಿ ಓಟ ಜಾಸ್ತಿ, ದೊಡ್ಡ ಮ್ಯಾಚುಗಳಲ್ಲಿ ಮಿಡ್‌ಫೀಲ್ಡರ್‌ಗಳು 10-11 ಕಿಲೋಮೀಟರ್ ಓಡ್ತಾರೆ. ಅಮ್ಮ ನಿಂಗೆ ಅಂತ ಹುರುಳಿಕಾಳು ಕಟ್ಟಿಟ್ಟಿದಾರೆ.

ಸೆಮಿಫೈನಲಿಗೆ ಬೆಳಗಿನ ಬಸ್ಸಿಗೇ ಹತ್ತುತೀನಿ. ಗೋಲಿನ ಹಿಂದೆ ನಿಲ್ಲಲ್ಲ ಈ ಸಲ, ಮಧ್ಯದ ಗೆರೆ ಹತ್ರ ನಿಂತಿರ್ತೀನಿ, ಅಲ್ಲೇ ನೋಡು.

ನಿನ್ನ
ಗೋಲ್‌ಕೀಪರ್