ರೀಮ್ಯಾಪ್‌ಗೆ ಮೊದಲು ಟೈರು, ಬ್ರೇಕು ನೋಡಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದಲ್ಲಿ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವ ಕಾರು ಇಟ್ಟುಕೊಂಡ ಹುಡುಗರು ಈಗ ಜಾಸ್ತಿ ಆಗಿದ್ದಾರೆ. ನಾಲ್ಕು ಜನ ಸೇರಿದರೆ ರೀಮ್ಯಾಪ್ ಮಾತು ಬಂದೇ ಬರುತ್ತದೆ. ಕಂಪನಿ ಹಾಕಿದ ಎಂಜಿನ್ ಸಾಫ್ಟ್‌ವೇರ್ ಬದಲಾಯಿಸಿ ಕಾರಿನ ಶಕ್ತಿ ಹೆಚ್ಚಿಸೋದು ಲಾಭವೋ ನಷ್ಟವೋ ಅಂತ ಕೇಳಿದರೆ, ನಮ್ಮ ಭಾಗದ ಬಹುತೇಕ ಕಾರುಗಳಿಗೆ ಅದು ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಶಕ್ತಿ ಹೆಚ್ಚಾಗುವುದು ಸುಳ್ಳಲ್ಲ. ಟರ್ಬೊ ಎಂಜಿನ್‌ನಲ್ಲಿ ಗಾಳಿಯ ಒತ್ತಡ, ಇಂಧನದ ಪ್ರಮಾಣ, ಸ್ಪಾರ್ಕ್ ಬೀಳುವ ಹೊತ್ತು, ಗೇರ್‌ಬಾಕ್ಸ್‌ಗೆ ಎಷ್ಟು ಟಾರ್ಕ್ (ತಿರುಗಿಸುವ ಬಲ) ಬಿಡಬೇಕು ಅನ್ನೋದು ಎಲ್ಲವೂ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಕೈಯಲ್ಲಿರುತ್ತದೆ. ಆ ಲೆಕ್ಕ ಬದಲಾಯಿಸಿದರೆ ಒಂದು ಬೋಲ್ಟ್ ಕೂಡ ಬಿಚ್ಚದೆ ಐದನೇ ಒಂದು ಭಾಗದಷ್ಟು ಶಕ್ತಿ ಹೆಚ್ಚುವುದು ದೊಡ್ಡ ವಿಷಯವಲ್ಲ. ಟರ್ಬೊ ಇಲ್ಲದ ಕಾರಿನಲ್ಲಿ ಮಾತ್ರ ಸುಮ್ನೆ ದುಡ್ಡು ದಂಡ. ಹೊರಗಿನ ಗಾಳಿಯನ್ನಷ್ಟೇ ಎಳೆದುಕೊಳ್ಳುವ ಎಂಜಿನ್‌ಗೆ ಸಾಫ್ಟ್‌ವೇರ್ ಎಲ್ಲಿಂದ ಹೆಚ್ಚು ಗಾಳಿ ತಂದು ಕೊಡುತ್ತದೆ?

ಆದರೆ ಕಂಪನಿಯ ಎಂಜಿನಿಯರ್‌ಗಳು ಆ ಶಕ್ತಿಯನ್ನು ಮರೆತು ಬಿಟ್ಟಿರಲಿಲ್ಲ. ಬೇಕೆಂದೇ ಉಳಿಸಿಟ್ಟಿದ್ದರು. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 1.5 ಲೀಟರ್ ಕಾರನ್ನೇ ತೆಗೆದುಕೊಳ್ಳಿ, ನಮ್ಮ ಕಡೆ ಹುಡುಗರಿಗೆ ಅದೇ ಸ್ಪೋರ್ಟ್ಸ್ ಕಾರು. ಅದರ ಟಾರ್ಕ್ 250 ನ್ಯೂಟನ್ ಮೀಟರ್. ಅದರ ಏಳು ಗೇರಿನ ಡಿಎಸ್‌ಜಿ, ಅಂದರೆ ಡಿಕ್ಯೂ200 ಅನ್ನೋ ಒಣ ಕ್ಲಚ್ಚಿನ ಗೇರ್‌ಬಾಕ್ಸ್, ತಡೆದುಕೊಳ್ಳಲು ಲೆಕ್ಕ ಹಾಕಿರೋದೂ 250 ನ್ಯೂಟನ್ ಮೀಟರ್. ಕಂಪನಿಯೇ ಮಿತಿಯ ಅಂಚಿಗೆ ತಂದು ನಿಲ್ಲಿಸಿದ ಕಾರಿಗೆ ಇನ್ನೂ ಐವತ್ತು ಸೇರಿಸಿದರೆ ಆ ಭಾರ ಹೊರುವುದು ಕ್ಲಚ್ಚೇ ಅಲ್ವಾ? ಬಿಎಂಡಬ್ಲ್ಯು ಎಂ340ಐ ಥರದ ಕಾರಿನ ಎಂಜಿನ್, ಗೇರ್‌ಬಾಕ್ಸ್ ಎರಡರಲ್ಲೂ ಇನ್ನಷ್ಟು ತಡೆದುಕೊಳ್ಳುವ ಕಸುವಿದೆ, ಒಪ್ಪುತ್ತೇನೆ. ಆದರೆ ಅಂಥ ಕಾರು ಹೇಗೆ ಬಂದಿದೆಯೋ ಹಾಗೇ ಐದು ಸೆಕೆಂಡಿನೊಳಗೆ ನೂರು ಮುಟ್ಟುತ್ತದೆ. ಅದಕ್ಕಿಂತ ಬೇಗ ಹೋಗಿ ಎಲ್ಲಿ ನಿಲ್ಲಿಸುತ್ತೀರಿ?

ಪೆಟ್ರೋಲಿನ ವಿಷಯ ಯಾರೂ ಮಾತಾಡುವುದಿಲ್ಲ. ಹೊರದೇಶದಲ್ಲಿ ಬರೆದ, ರೀಮ್ಯಾಪ್ ಮಾಡುವಾಗ ಇಸಿಯುಗೆ ಹಾಕುವ ಎಷ್ಟೋ ಟ್ಯೂನ್ ಫೈಲ್‌ಗಳು ಅಲ್ಲಿನ 95 ಅಥವಾ 98 ಆಕ್ಟೇನ್ ಪೆಟ್ರೋಲನ್ನು, ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ ಸುಲಭವಾಗಿ ತಾನೇ ಹೊತ್ತಿಕೊಳ್ಳದ ಪೆಟ್ರೋಲನ್ನು, ನಂಬಿಕೊಂಡಿರುತ್ತವೆ. ಇಲ್ಲಿ ನಮ್ಮ ಬಂಕಿನಲ್ಲಿ ಈಗ ಸಿಗೋದು ಶೇ 20ರಷ್ಟು ಎಥೆನಾಲ್ ಬೆರೆಸಿದ್ದು. ಎಥೆನಾಲ್ ನಾಕ್, ಅಂದರೆ ಇಂಧನ ಹಾಗೆ ತಾನೇ ಹೊತ್ತಿಕೊಂಡು ಎಂಜಿನ್ನಿಗೆ ಪೆಟ್ಟು ಕೊಡುವುದನ್ನು, ತಡೆಯುತ್ತದೆ, ಅದು ಒಳ್ಳೆಯದೇ. ಆದರೆ ಲೀಟರಿಗೆ ಹೋಲಿಸಿದರೆ ಅದರಲ್ಲಿ ಶಾಖ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಅಷ್ಟೇ ಕೆಲಸಕ್ಕೆ ಇಂಜೆಕ್ಟರ್ ಮತ್ತು ಪಂಪು ಹೆಚ್ಚು ಇಂಧನ ತಳ್ಳಬೇಕು, ಅದರ ಮೇಲೆ ಟ್ಯೂನ್ ಮಾಡಿದವರು ಇನ್ನಷ್ಟು ಕೇಳುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಾದಾಗ ನಾಕ್ ಶುರುವಾದರೆ, ಇಸಿಯು ಸ್ಪಾರ್ಕನ್ನು ತಡ ಮಾಡುತ್ತದೆ. ದುಡ್ಡು ಕೊಟ್ಟು ತಂದ ಶಕ್ತಿ ಅಲ್ಲೇ ಹೋಯಿತು. ನಾಕ್ ತಡೆಯುವ ಆ ಎಚ್ಚರಿಕೆಯನ್ನೂ ಟ್ಯೂನ್ ಮಾಡಿದವನು ಸಡಿಲಿಸಿದ್ದರೆ ಪಿಸ್ಟನ್ನೇ ಹೋಗುತ್ತದೆ.

ಇನ್ನು ನಮ್ಮ ರಸ್ತೆ. ಉಣಕಲ್ಲಿನಿಂದ ನವಲೂರು ದಾಟಿ ಧಾರವಾಡಕ್ಕೆ ಹೋಗುವಾಗ ನಡುವಿನ ಪಥ ಚಿಗರಿ ಬಸ್ಸಿನದು. ಉಳಿದದ್ದರಲ್ಲಿ ಆಟೊ, ಬೈಕು, ಟ್ರ್ಯಾಕ್ಟರ್, ರಸ್ತೆ ದಾಟುವ ಕಾಲೇಜು ಮಕ್ಕಳು. ಬೈಪಾಸ್ ಬಗ್ಗೆ ಹೇಳಲೇಬೇಕಿಲ್ಲ. 2021ರ ಜನವರಿಯಲ್ಲಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಹೆಣ್ಣುಮಕ್ಕಳು ಅಲ್ಲೇ ಇಟಿಗಟ್ಟಿ ಹತ್ತಿರ ಅಪಘಾತದಲ್ಲಿ ಜೀವ ಬಿಟ್ಟಿದ್ದನ್ನು ಈ ಊರು ಮರೆತಿಲ್ಲ. ಹಾವೇರಿ ಕಡೆಯ ದೊಡ್ಡ ಹೆದ್ದಾರಿಯಲ್ಲೂ ಕಾರಿಗೆ ಕೇಂದ್ರ ಸರ್ಕಾರ ಇಟ್ಟ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ. ನೂರರ ಬದಲು 120ರಲ್ಲಿ ಹೋದರೆ ಬ್ರೇಕು ತಡೆಯಬೇಕಾದ ಶಕ್ತಿ ಶೇ 20 ಅಲ್ಲ, ಶೇ 44 ಹೆಚ್ಚು. ರೀಮ್ಯಾಪ್ ಮಾಡಿಸಿದವರಲ್ಲಿ ಎಷ್ಟು ಜನ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ ಬದಲಾಯಿಸಿದ್ದಾರೆ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 3519 ಅಂದರೆ 2019ರ 35ನೇ ವಾರ ತಯಾರಾದದ್ದು ಅಂತ. ಅದನ್ನು ಬಗ್ಗಿ ನೋಡಿದವರೇ ಕಡಿಮೆ. ಕಾರನ್ನು ಪೂರ್ತಿ ಬಿಟ್ಟು ಓಡಿಸುವ ಟ್ರ್ಯಾಕ್ ಬೇಕೆಂದರೆ ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು.

ನನಗೆ ನಿಜಕ್ಕೂ ಸಿಟ್ಟು ಬರೋದು ಸೈಲೆನ್ಸರಿನಲ್ಲಿ ಪಟಪಟ ಪಟಾಕಿ ಹೊಡೆಸುವ ಟ್ಯೂನ್ ಬಗ್ಗೆ. ಅದರಿಂದ ಶಕ್ತಿ ಒಂದು ಚೂರೂ ಹೆಚ್ಚುವುದಿಲ್ಲ. ಆಕ್ಸಿಲರೇಟರ್ ಬಿಟ್ಟಾಗಲೂ ಪೆಟ್ರೋಲ್ ಸುರಿದು ಎಕ್ಸಾಸ್ಟ್‌ನಲ್ಲಿ ಉರಿಸುತ್ತಾರೆ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಹಾಳಾಗುತ್ತದೆ, ಟರ್ಬೊಗೂ ಪೆಟ್ಟು. ವಿದ್ಯಾನಗರದಲ್ಲಿ ಕಿಮ್ಸ್ ಆಸ್ಪತ್ರೆ ಮುಂದೆ ರಾತ್ರಿ ಹೊತ್ತು ಇದನ್ನು ಮಾಡುವವರಿಗೆ ಒಳಗೆ ರೋಗಿಗಳು ಮಲಗಿದ್ದಾರೆ ಅನ್ನೋ ಯೋಚನೆಯಾದರೂ ಬರಬೇಡವೇ? ಡೀಸೆಲ್ ಕಾರಿನ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಕಿತ್ತು ಸಾಫ್ಟ್‌ವೇರಿನಲ್ಲಿ ಅದರ ಎಚ್ಚರಿಕೆ ದೀಪ ಆರಿಸುವುದೂ ಅಷ್ಟೇ ಕೆಟ್ಟದ್ದು. ಆ ಮಸಿ ನಮ್ಮ ಮಕ್ಕಳ ಎದೆಗೇ ಹೋಗುತ್ತದೆ.

ಕಾನೂನು ಕೂಡ ಸುಮ್ಮನಿಲ್ಲ. ನಿಯಮ ಮೀರಿ ವಾಹನ ಮಾರ್ಪಡಿಸಿದ ಮಾಲೀಕನಿಗೆ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಇದೆ. ವಾರಂಟಿ ಹೋಗುತ್ತದೆ. ಹಳೆಯ ಫೈಲ್ ವಾಪಸ್ ಹಾಕಿದರೆ ಗೊತ್ತಾಗಲ್ಲ ಅಂತ ಹೇಳುವವರನ್ನು ನಂಬಬೇಡಿ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಟ್ಯೂನ್ ಪತ್ತೆಯಾದರೆ ಟಿಡಿ1 ಅನ್ನೋ ಗುರುತು ಕಂಪನಿಯ ದಾಖಲೆ ಸೇರುತ್ತದೆ. ತಿಳಿಸದೆ ಮಾಡಿಸಿದ ಬದಲಾವಣೆಯನ್ನು ಕಾರಣ ಮಾಡಿ ವಿಮೆಯವರು ಕೈ ಎತ್ತಬಹುದು.

ಇಷ್ಟೆಲ್ಲ ಕೇಳಿದ ಮೇಲೂ ಬೇಕೇ ಬೇಕು ಅನ್ನುವವರು ಲ್ಯಾಪ್‌ಟಾಪ್ ಸಿಕ್ಕಿಸಿ ಅರ್ಧ ಗಂಟೆಯಲ್ಲಿ ಮುಗಿಸಿ ಕಳಿಸುವವರ ಹತ್ತಿರ ಹೋಗಬೇಡಿ. ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಮೊದಲು ಅಳೆದು, ಆಮೇಲೂ ಅಳೆದು, ಎರಡೂ ಹಾಳೆ ಕೈಗೆ ಕೊಡುವವರು, ನಿಮ್ಮ ಮೂಲ ಫೈಲ್ ನಿಮಗೇ ಒಪ್ಪಿಸುವವರು, ನಾಕ್ ಆಗಿದೆಯೇ ಅನ್ನೋ ದಾಖಲೆ (ಲಾಗ್) ತೋರಿಸುವವರು ಸಿಕ್ಕರೆ ಮಾತ್ರ ಮಾತಾಡಿ. ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹೊಸ ಕಾರಿನ ಅಶ್ವಶಕ್ತಿ ಬರೆಯುವಾಗ, ಅದರ ಗೇರ್‌ಬಾಕ್ಸ್ ಎಷ್ಟು ಟಾರ್ಕ್ ತಡೆಯುತ್ತದೆ, ನೂರರಿಂದ ಸೊನ್ನೆಗೆ ಎಷ್ಟು ಮೀಟರಿನಲ್ಲಿ ನಿಲ್ಲುತ್ತದೆ ಅನ್ನೋದನ್ನೂ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ನವನಗರ, ಹುಬ್ಬಳ್ಳಿ