ಜೀಪನ್ನು ‘ಫೋರ್ ವೀಲ್’ ಮಾಡಿಸುವ ಕೆಲಸಕ್ಕೆ ಸರ್ಕಾರದ ಮಾನದಂಡ ಬೇಕು

ಮಾನ್ಯ ಸಂಪಾದಕರಿಗೆ,

ಮಲೆನಾಡಿನ ಯಾವುದೇ ಪೇಟೆಯಲ್ಲಿ ಜೀಪು ರಿಪೇರಿ ಮಾಡುವ ನಾಲ್ಕು ಗ್ಯಾರೇಜುಗಳಿದ್ದರೆ, ಅವುಗಳಲ್ಲಿ ಒಂದರ ಹಿತ್ತಲಿನಲ್ಲಾದರೂ, ಹಿಂದಿನ ಚಕ್ರಗಳ ಬಲದಿಂದ ಮಾತ್ರ ಓಡುತ್ತಿದ್ದ ಹಳೆಯ ಜೀಪೊಂದಕ್ಕೆ ಮುಂದಿನ ಚಕ್ರಗಳಿಗೂ ಚಾಲನೆ ಕೊಡಿಸುವ ಕೆಲಸ ನಡೆದಿರುತ್ತದೆ. ನಮ್ಮ ಕಡೆ ಇದಕ್ಕೆ ‘ಫೋರ್ ವೀಲ್ ಮಾಡಿಸುವುದು’ ಎನ್ನುತ್ತಾರೆ. ಮಾಡಿಸಿಕೊಂಡವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮಾಡಿದ ಮೆಕ್ಯಾನಿಕ್ ರಸೀದಿ ಕೊಡುವುದಿಲ್ಲ. ಆರ್‌ಸಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ಹೀಗೆ ಮಾಡಿಸಿ ಪೆಟ್ಟು ತಿಂದವರಲ್ಲಿ ನಾನೂ ಒಬ್ಬನಾದ್ದರಿಂದ, ಈ ಕೆಲಸವನ್ನು ಹೊಗಳುವವರಿಗೂ, ಕೇವಲ ಷೋಕಿಯೆಂದು ತಳ್ಳಿಹಾಕುವವರಿಗೂ ಕೆಲವು ಮಾತು ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಇದು ಷೋಕಿಯಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅಡಿಕೆಗೆ ಕೊಳೆರೋಗ ತಗುಲದಂತೆ ಮುಂಗಾರು ಹಿಡಿಯುವ ಮುನ್ನ ಒಮ್ಮೆ, ಆ ಬಳಿಕ 40–45 ದಿನಗಳಿಗೆ ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಎರಡನೆಯ ಸಿಂಪಡಣೆ ಬೀಳುವುದು ಮಳೆಗಾಲದ ನಟ್ಟನಡುವೆ. ಮಳೆ ಒಂದೆರಡು ದಿನ ಹೊಳವಾದಾಗ ಮೈಲುತುತ್ತ, ಸುಣ್ಣ, ಪಂಪು, ಡ್ರಮ್ಮು, ಜನ ಎಲ್ಲವನ್ನೂ ತೋಟಕ್ಕೆ ಮುಟ್ಟಿಸದಿದ್ದರೆ ಆ ವರ್ಷದ ಫಸಲಿನ ಆಸೆ ಬಿಡಬೇಕು. ಅಂಥ ಹೊತ್ತಿನಲ್ಲಿ ಜೇಡಿಮಣ್ಣಿನ ಏರಿನ ಮೇಲೆ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗತೊಡಗಿದರೆ, ಮುಂದಿನ ಎರಡು ಚಕ್ರಗಳು ಸುಮ್ಮನೆ ಭಾರ ಹೊತ್ತು ನಿಂತಿರುವುದನ್ನು ನೋಡಿ ಯಾವ ಬೆಳೆಗಾರನಿಗಾದರೂ ಹೊಟ್ಟೆ ಉರಿಯುತ್ತದೆ. ಕಾಯಿಲೆಯವರನ್ನು ರಾತ್ರಿ ಹೊತ್ತು ಟಾರು ರಸ್ತೆಯವರೆಗೆ ತಲುಪಿಸಬೇಕಾದ ಒಂಟಿ ಮನೆಗಳ ಪಾಡನ್ನು ಬೇರೆ ಹೇಳಬೇಕಿಲ್ಲ.

ಆದರೆ ‘ಮುಂದಿನ ಹೌಸಿಂಗ್ ಕೂರಿಸಿದರೆ ಆಯಿತು’ ಎಂದು ಗ್ಯಾರೇಜಿನಲ್ಲಿ ಹೇಳುವಷ್ಟು ಸಲೀಸಾದ ಕೆಲಸ ಇದಲ್ಲ. ಹಿಂದಿನ ಚಕ್ರದ ಚಾಲನೆಯ ಜೀಪಿನಲ್ಲಿ ಗೇರ್‌ಬಾಕ್ಸಿನಿಂದ ಹೊರಟ ಶಾಫ್ಟ್ ನೇರವಾಗಿ ಹಿಂದಿನ ಡಿಫರೆನ್ಷಿಯಲ್‌ಗೆ, ಎಂದರೆ ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಹಲ್ಲುಚಕ್ರಗಳ ಜೋಡಣೆಗೆ, ಹೋಗುತ್ತದೆ. ಮುಂದಿನದು ಬರೀ ಭಾರ ಹೊರುವ ಗಟ್ಟಿ ಕಬ್ಬಿಣದ ತೊಲೆ. ಅದನ್ನು ಫೋರ್ ವೀಲ್ ಮಾಡಬೇಕಾದರೆ ಗೇರ್‌ಬಾಕ್ಸಿನ ಹಿಂದೆ ಶಕ್ತಿಯನ್ನು ಎರಡು ದಾರಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಬರಬೇಕು. ಮುಂದಿನ ತೊಲೆ ಹೋಗಿ, ಒಳಗೆ ಡಿಫರೆನ್ಷಿಯಲ್ ಇರುವ ಟೊಳ್ಳು ತೊಲೆ, ಎಂದರೆ ಹೌಸಿಂಗ್, ಬರಬೇಕು. ಸ್ಟೀರಿಂಗ್ ತಿರುಗಿಸಿದಾಗಲೂ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಜಾಯಿಂಟುಗಳು, ಹೊಸ ಹಬ್ಬು, ಮುಂದಕ್ಕೆ ಇನ್ನೊಂದು ಪ್ರೊಪೆಲ್ಲರ್ ಶಾಫ್ಟ್ ಇವೆಲ್ಲ ಬರಬೇಕು. ಹಳೆಯ ಜೀಪುಗಳಲ್ಲಿ ಮುಂದಿನ ಡಿಫರೆನ್ಷಿಯಲ್ ನಡುಮಧ್ಯದಲ್ಲಿರದೆ ಒಂದು ಬದಿಗೆ ಸರಿದಿರುವುದರಿಂದ, ಟ್ರಾನ್ಸ್‌ಫರ್ ಕೇಸಿನ ಮುಂದಿನ ಬಾಯಿಯೂ ಅದೇ ಬದಿಗೆ ಇರಬೇಕು. ಇಲ್ಲದಿದ್ದರೆ ಶಾಫ್ಟ್ ಎಂಜಿನ್ನಿನ ಅಡಿಗೆ ತಾಗುತ್ತದೆ. ಟ್ರಾನ್ಸ್‌ಫರ್ ಕೇಸ್ ಜಾಗ ತಿಂದಷ್ಟು ಹಿಂದಿನ ಶಾಫ್ಟನ್ನು ಮೋಟು ಮಾಡಬೇಕು. ಮೋಟಾದ ಶಾಫ್ಟ್ ಹೆಚ್ಚು ಓರೆಯಾಗಿ ನಿಲ್ಲುತ್ತದೆ, ಓರೆಯಾದಷ್ಟೂ ಅದರ ತುದಿಯ ಜಾಯಿಂಟುಗಳಲ್ಲಿರುವ ಕ್ರಾಸುಗಳು ಬೇಗ ಸವೆಯುತ್ತವೆ. ಕತ್ತರಿಸಿ ಬೆಸುಗೆ ಹಾಕಿದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸದಿದ್ದರೆ ಇಡೀ ಗಾಡಿ ನಡುಗುತ್ತದೆ.

ಇಷ್ಟನ್ನೂ ಸರಿಯಾಗಿ ಮಾಡಿ ಒಂದು ಲೆಕ್ಕದಲ್ಲಿ ಎಡವಿದರೂ ಎಲ್ಲ ನೀರಿಗೆ ಹಾಕಿದ ಹಾಗೆ. ನನಗೆ ಆದದ್ದು ಅದೇ. ನನ್ನ ಜೀಪಿನ ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರಕ್ಕೆ 39 ಹಲ್ಲು, ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕದಕ್ಕೆ 8 ಹಲ್ಲು. ಗುಜರಿಯಿಂದ ತಂದು ಕೂರಿಸಿದ ಮುಂದಿನ ಹೌಸಿಂಗ್‌ನಲ್ಲಿ ಕ್ರೌನಿಗೆ 43, ಪಿನಿಯನ್ನಿಗೆ 8. ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿ, ಜೀಪು ಬಲ್ಲವರು ಇವನ್ನೇ 4.88 ಮತ್ತು 5.38 ಎನ್ನುತ್ತಾರೆ. ಎಂದರೆ ಹಿಂದಿನ ಚಕ್ರ ಒಂದು ಸುತ್ತು ಬರಲು ಅದರ ಶಾಫ್ಟ್ ಎಷ್ಟು ತಿರುಗಬೇಕೋ, ಮುಂದಿನ ಚಕ್ರ ಒಂದು ಸುತ್ತು ಬರಲು ಅದರ ಶಾಫ್ಟ್ ಅದಕ್ಕಿಂತ ಸರಿಯಾಗಿ ಅರ್ಧ ಸುತ್ತು ಹೆಚ್ಚು ತಿರುಗಬೇಕು. ಜೀಪಿನ ಟೈರಿನ ಸುತ್ತಳತೆ ಸುಮಾರು 2.2 ಮೀಟರ್ ಎಂದು ಹಿಡಿದರೆ, ಒಂದು ಕಿಲೋಮೀಟರಿಗೆ ಈ ವ್ಯತ್ಯಾಸ 225 ಸುತ್ತು ದಾಟುತ್ತದೆ. ಲಿವರ್ ಹಾಕಿ ಫೋರ್ ವೀಲ್‌ಗೆ ತಂದಾಗ ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಚಕ್ರಗಳು ಮಾತ್ರ ಬೇರೆ ಬೇರೆ ಲೆಕ್ಕ ಕೇಳುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ಆ ಬಿಗಿತ ಸಡಿಲವಾಗುತ್ತಿದ್ದುದರಿಂದ ಮೊದಲ ಮಳೆಗಾಲ ನನಗೆ ಏನೂ ಗೊತ್ತಾಗಲಿಲ್ಲ. ಮಳೆ ನಿಂತು ನೆಲ ಗಟ್ಟಿಯಾದ ಮೇಲೆ ಒಂದು ದಿನ ಕಲ್ಲಿನ ಏರಿನಲ್ಲಿ ಮುಂದಿನ ಶಾಫ್ಟಿನ ಕ್ರಾಸ್ ಪಟ್ಟೆಂದು ಮುರಿದು, ಕಳಚಿದ ಶಾಫ್ಟ್ ತಳಕ್ಕೆ ಬಡಿಯತೊಡಗಿತು. ಜನ ಇಳಿದು ಹಿಂದೆ ನಡೆದು ಬರುತ್ತಿದ್ದರು, ಬದುಕಿದೆವು. ಕೆಲಸ ಮಾಡಿಕೊಟ್ಟವರನ್ನು ಕೇಳಿದರೆ, ‘ಹಲ್ಲು ಎಣಿಸುವವರು ಯಾರು ಸ್ವಾಮಿ, ಹೌಸಿಂಗ್ ಸಿಕ್ಕಿದ್ದೇ ಪುಣ್ಯ’ ಎಂಬ ಉತ್ತರ ಬಂತು.

ಹಲ್ಲುಗಳ ಲೆಕ್ಕ ಸರಿಹೊಂದಿದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಬಳಸುದಾರಿ ಹಿಡಿಯುತ್ತವೆ, ಹಾಗಾಗಿ ಹೆಚ್ಚು ಸುತ್ತಬೇಕಾಗುತ್ತದೆ. ಮುಂದಕ್ಕೂ ಹಿಂದಕ್ಕೂ ನಡುವೆ ಮೂರನೆಯ ಡಿಫರೆನ್ಷಿಯಲ್ ಅಥವಾ ಅದರ ಕೆಲಸ ಮಾಡುವ ಬೇರೆ ಏರ್ಪಾಡು ಇದ್ದರೆ ಮಾತ್ರ ಟಾರು ರಸ್ತೆಯಲ್ಲಿ ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಕೊಡಬಹುದು. ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಅದಿಲ್ಲ. ಕೆಸರು ದಾಟಿದ ಕೂಡಲೇ ಲಿವರ್ ತೆಗೆಯಬೇಕು. ಇದು ತಿಳಿಯದೆ, ಫೋರ್ ವೀಲ್ ಹಾಕಿಕೊಂಡರೆ ಘಾಟಿಯಲ್ಲಿ ಹಿಡಿತ ಹೆಚ್ಚು ಎಂದು ನಂಬಿ ಬಿಗಿದ ಸ್ಟೀರಿಂಗ್‌ನೊಂದಿಗೆ ಗುದ್ದಾಡುತ್ತಾ ಚಾರ್ಮಾಡಿ ಇಳಿಯುವವರನ್ನು ನಾನು ಕಂಡಿದ್ದೇನೆ. ಕಾರ್ಖಾನೆಗಳಿಗೂ ಇದು ಸುಲಭವಾಗಿರಲಿಲ್ಲ. ಹಿಂದಿನ ಚಕ್ರದ ಚಾಲನೆಯ ಇಂಟರ್‌ಸೆಪ್ಟರ್ ಕಾರಿನ ಜೊತೆಜೊತೆಗೆ, ಫರ್ಗುಸನ್ ಕಂಪನಿಯ ಇಂಥದೊಂದು ಏರ್ಪಾಡನ್ನು ಅಳವಡಿಸಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟ ಎಫ್‌ಎಫ್ ಎಂಬ ಕಾರನ್ನು ಇಂಗ್ಲೆಂಡಿನ ಜೆನ್ಸನ್ ಕಂಪನಿ 1966ರಲ್ಲಿ ಹೊರತಂದಿತು. ಆ ಸಾಮಗ್ರಿ ಹಿಡಿಸಲು ಕಾರಿನ ಮುಂಭಾಗವನ್ನೇ ಉದ್ದ ಮಾಡಬೇಕಾಯಿತು. ಎಡಗಡೆ ಸ್ಟೀರಿಂಗ್ ಇರುವ ದೇಶಗಳಿಗೆ ಬೇಕಾದಂತೆ ಅದನ್ನು ತಯಾರಿಸಲು ಆಗಲೇ ಇಲ್ಲ. ಮಾರಾಟವಾದದ್ದು ಕೆಲವು ನೂರು ಕಾರುಗಳಷ್ಟೇ.

ಈಚೆಗೆ ಯುವಕರು ಕೇಳುವ ಪ್ರಶ್ನೆ ಮಹೀಂದ್ರಾ ಕಂಪನಿಯ ಥಾರ್ ಕುರಿತದ್ದು. 2020ರಲ್ಲಿ ಬಂದ ಹೊಸ ಥಾರ್ ಮೊದಲು ಫೋರ್ ವೀಲ್‌ನಲ್ಲಿ ಮಾತ್ರ ಸಿಗುತ್ತಿತ್ತು. 2023ರ ಜನವರಿಯಲ್ಲಿ ಹಿಂದಿನ ಚಕ್ರದ ಚಾಲನೆಯ ಥಾರ್ ಸುಮಾರು 10 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಬಂದಾಗ, ‘ಈಗ ಇದನ್ನು ಕೊಂಡು, ಆಮೇಲೆ ಫೋರ್ ವೀಲ್ ಮಾಡಿಸಿದರೆ ಹೇಗೆ’ ಎಂಬ ಯೋಚನೆ ಹಲವರ ತಲೆಗೆ ಹೊಕ್ಕಿತು. ದಯವಿಟ್ಟು ಬೇಡ. ಅದರ ಡೀಸೆಲ್ ಎಂಜಿನ್ನೇ ಬೇರೆ. ಫೋರ್ ವೀಲ್ ಥಾರ್‌ನದು 2.2 ಲೀಟರ್, ಇದರದು ತೆರಿಗೆ ಕಡಿಮೆಯಾಗಲೆಂದು ಕೂರಿಸಿದ 1.5 ಲೀಟರ್. ಒಂದರ ಸಾಮಾನನ್ನು ಇನ್ನೊಂದಕ್ಕೆ ಬೋಲ್ಟ್ ಬಿಗಿದು ಕೂರಿಸುವ ಕಾಲ ಇದಲ್ಲ. ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ, ಗಾಡಿ ಅಡ್ಡ ಜಾರದಂತೆ ನೋಡಿಕೊಳ್ಳುವ ಎಬಿಎಸ್, ಇಎಸ್‌ಪಿ ಮುಂತಾದ ಎಲೆಕ್ಟ್ರಾನಿಕ್ ಏರ್ಪಾಡುಗಳು ಯಾವ ಚಕ್ರಕ್ಕೆ ಶಕ್ತಿ ಹೋಗುತ್ತದೆ ಎಂಬುದನ್ನು ತಿಳಿದೇ ಬ್ರೇಕಿನ ಲೆಕ್ಕ ಹಾಕುತ್ತವೆ. ಸುತ್ತಿಗೆ, ಸ್ಪ್ಯಾನರ್ ಬಲ್ಲ ಮೆಕ್ಯಾನಿಕ್ ಎಷ್ಟೇ ಕೈಚಳಕದವನಾದರೂ ಆ ಲೆಕ್ಕವನ್ನು ತಿದ್ದಲಾರ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಕೇರಳದಿಂದ ಹೋಗಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಿದೆ. ಮುಂದಿನ ಹೌಸಿಂಗ್ ಮತ್ತು ಟ್ರಾನ್ಸ್‌ಫರ್ ಕೇಸ್ ಸೇರಿದ ಗಾಡಿಯ ತೂಕ ಆರ್‌ಸಿಯಲ್ಲಿರುವ ಖಾಲಿ ತೂಕಕ್ಕೆ ಹೊಂದುವುದಿಲ್ಲ. ಅಪಘಾತವಾದ ದಿನ ವಿಮೆ ಕಂಪನಿಯ ಸರ್ವೇಯರ್ ಮೊದಲು ನೋಡುವುದು ಇಂಥದ್ದನ್ನೇ.

ಕಾನೂನು ತಪ್ಪೆಂದು ನಾನು ಹೇಳುವುದಿಲ್ಲ. ಕಿವಿ ಕಿತ್ತುಹೋಗುವಂತೆ ಸೈಲೆನ್ಸರ್ ಬದಲಿಸುವವರಿಗೆ ದಂಡ ಬೀಳಲೇಬೇಕು. ಆದರೆ ಅದೇ 52ನೇ ಕಲಂ 2019ರ ತಿದ್ದುಪಡಿಯ ಬಳಿಕ ಒಂದು ಬಾಗಿಲನ್ನೂ ತೆರೆದಿಟ್ಟಿದೆ: ಮಾರ್ಪಾಡಿನ ತಾಂತ್ರಿಕ ವಿವರಗಳನ್ನೂ ಅನುಮೋದನೆಯ ಷರತ್ತುಗಳನ್ನೂ ಕೇಂದ್ರ ಸರ್ಕಾರ ನಿಗದಿಪಡಿಸಬಹುದು. ಪೆಟ್ರೋಲ್ ಕಾರಿಗೆ ಗ್ಯಾಸ್ ಕಿಟ್ ಹಾಕಿಸುವುದು ಇಂದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಅನುಮೋದಿತ ಕಿಟ್, ಅಧಿಕೃತ ಅಳವಡಿಕೆ ಕೇಂದ್ರ, ಆರ್‌ಸಿಯಲ್ಲಿ ನಮೂದು, ಹೀಗೆ ಅದಕ್ಕೊಂದು ನೇರ ದಾರಿಯಿದೆ. ಹಳೆಯ ವಾಹನವನ್ನು ವಿದ್ಯುತ್ತಿಗೆ ಬದಲಿಸುವುದಕ್ಕೂ ಎಐಎಸ್-123 ಎಂಬ ಮಾನದಂಡವಿದೆ. ಎಂಜಿನ್ನನ್ನೇ ಕಿತ್ತು ಬ್ಯಾಟರಿ, ಮೋಟಾರು ಕೂರಿಸುವುದಕ್ಕೆ ನಿಯಮ ಮಾಡಬಹುದಾದರೆ, ಗುಡ್ಡಗಾಡಿನ ಕೃಷಿಕರ ಜೀಪಿಗೆ ಮುಂದಿನ ಚಾಲನೆ ಕೊಡುವುದಕ್ಕೆ ಮಾಡಲಾಗದೇ?

ರಾಜ್ಯದ ಸಾರಿಗೆ ಇಲಾಖೆ ಕೇಂದ್ರಕ್ಕೆ ಬರೆದು ಕೇಳಬೇಕಾದ್ದು ಬಹಳವೇನಲ್ಲ. ಎಲ್ಲ ಕಾರುಗಳಿಗೂ ಬೇಡ. ಚಾಸಿಸ್ ಮೇಲೆ ಕಟ್ಟಿದ, ಅದೇ ಮಾದರಿಯ ಫೋರ್ ವೀಲ್ ಗಾಡಿಯನ್ನು ಕಂಪನಿಯೇ ಮಾರಿದ್ದಂಥ ಜೀಪುಗಳಿಗೆ ಮಾತ್ರ ಸಾಕು. ಆ ಮಾದರಿಯದೇ ಹೌಸಿಂಗ್ ಮತ್ತು ಟ್ರಾನ್ಸ್‌ಫರ್ ಕೇಸ್ ಇರಬೇಕು. ಮುಂದಿನ ಹಾಗೂ ಹಿಂದಿನ ಕ್ರೌನ್ ಪಿನಿಯನ್‌ಗಳ ಹಲ್ಲು ಒಂದೇ ಆಗಿರುವುದನ್ನು ತಪಾಸಣೆ ಮಾಡಿದವರು ಬರೆದು ಸಹಿ ಹಾಕಬೇಕು. ಶಾಫ್ಟ್ ಕಳಚಿದರೂ ನೆಲಕ್ಕೆ ಬೀಳದಂತೆ ಪಟ್ಟಿ ಕಟ್ಟಿರಬೇಕು. ಬ್ರೇಕ್ ಪರೀಕ್ಷೆಯಾಗಿ ಹೊಸ ತೂಕ ಆರ್‌ಸಿಗೆ ಏರಬೇಕು. ಕಿಟ್ಟನ್ನು ವಾಹನ ಪರೀಕ್ಷೆಗೆಂದೇ ಇರುವ ಪುಣೆಯ ಎಆರ್‌ಎಐನಂಥ ಸಂಸ್ಥೆ ಒಮ್ಮೆ ಪರೀಕ್ಷಿಸಿ ಒಪ್ಪಿದರೆ, ಹಿತ್ತಲಿನ ಮೆಕ್ಯಾನಿಕ್ ಕೂಡ ಎದುರು ಬಾಗಿಲಲ್ಲಿ ನಿಂತು, ರಸೀದಿ ಕೊಟ್ಟು ದುಡಿಯುತ್ತಾನೆ. ಅವರಲ್ಲಿ ಅನೇಕರ ಕೈಗುಣ ದೊಡ್ಡದು. ಇಲ್ಲದಿರುವುದು ಸರಿಯಾದ ಸಾಮಾನು ಮತ್ತು ಅಳತೆಯ ಕಾಗದ ಮಾತ್ರ.

ಅಲ್ಲಿಯವರೆಗೆ ನನ್ನಂಥವರಿಗೆ ಉಳಿದಿರುವುದು ಎರಡೇ ದಾರಿ. ಕೈಯಲ್ಲಿ ಹಣವಿದ್ದವರು ಕಂಪನಿಯಿಂದಲೇ ಫೋರ್ ವೀಲ್ ಆಗಿ ಬಂದ ಗಾಡಿ ಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ‘ಫೋರ್ ವೀಲ್ ಇದೆ’ ಎಂಬ ಮಾತಿಗೆ ಮರುಳಾಗದೆ, ಚಾಸಿಸ್ ನಂಬರಿನ ಪ್ರಕಾರ ಅದು ಯಾವ ಮಾದರಿಯಾಗಿ ನೋಂದಣಿಯಾಗಿದೆ ಎಂಬುದನ್ನು ಮೊದಲು ವಿಚಾರಿಸಬೇಕು. ನಾನು ಮುಂದಿನ ಶಾಫ್ಟನ್ನು ಬಿಚ್ಚಿ ಕೊಟ್ಟಿಗೆಯ ಅಟ್ಟದ ಮೇಲೆ ಹಾಕಿದ್ದೇನೆ. ಹೌಸಿಂಗ್ ಕಳಚಿ ಹಳೆಯ ತೊಲೆಯನ್ನು ಮತ್ತೆ ಕೂರಿಸುವ ಖರ್ಚನ್ನು ಈ ಬೇಸಿಗೆಯಲ್ಲಿ ಮಾಡಬೇಕಾಗಿದೆ. ಕಳೆದ ಮಳೆಗಾಲದ ಎರಡನೆಯ ಸಿಂಪಡಣೆಗೆ, ನಮ್ಮ ತಂದೆಯವರ ಕಾಲದಂತೆ, ಹಿಂದಿನ ಟೈರುಗಳಿಗೆ ಸರಪಳಿ ಸುತ್ತಿಕೊಂಡೇ ಏರು ಹತ್ತಿದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ–ಅಡಿಕೆ ಬೆಳೆಗಾರ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ